ಹಿಮೋಫಿಲಿಯಾ: ವಯಸ್ಕರಲ್ಲಿ ನಿಭಾವಣೆ ಮತ್ತು ಬದುಕಿನ ಗುಣಮಟ್ಟ

ಹಿಮೋಫಿಲಿಯಾ ಎಂಬುದು ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನಿನ ಕೊರತೆಯಿಂದ ಉಂಟಾಗುವ, ಸಾಮಾನ್ಯವಾಗಿ ಹುಟ್ಟಿನಿಂದಲೇ ಇರುವ ಮತ್ತು ಬದುಕಿನುದ್ದಕ್ಕೂ ಉಳಿಯುವ ರಕ್ತಸ್ರಾವದ ಕಾಯಿಲೆ. ಕನ್ನಡದಲ್ಲಿ ಇದನ್ನು ಕುಸುಮ ರೋಗ ಎಂದೂ ಕರೆಯುತ್ತಾರೆ. ಈ ಕಾಯಿಲೆಯಿರುವ ವಯಸ್ಕರು ರಕ್ತಸ್ರಾವ, ನೋವು, ಅಂಗವೈಕಲ್ಯ ಮತ್ತು ಅನಿಶ್ಚಿತತೆಗಳನ್ನು ಎದುರಿಸಲು ಅನುಸರಿಸುವ ಕ್ರಮಗಳನ್ನೂ ಮನೋಭಾವಗಳನ್ನೂ ಒಟ್ಟಾಗಿ ‘ನಿಭಾವಣೆ’ ಎನ್ನಲಾಗುತ್ತದೆ. ತಮ್ಮ ದೇಹ, ಮನಸ್ಸು, ದುಡಿಮೆ ಮತ್ತು ಸಂಬಂಧಗಳ ಸ್ಥಿತಿಯ ಬಗ್ಗೆ ಅವರಿಗೇ ಇರುವ ಅಂದಾಜು ‘ಬದುಕಿನ ಗುಣಮಟ್ಟ’. ಈ ಎರಡೂ ಶಬ್ದಗಳನ್ನು ಲೇಖನದುದ್ದಕ್ಕೂ ಇದೇ ಅರ್ಥದಲ್ಲಿ ಬಳಸಲಾಗಿದೆ.

ಕಾಯಿಲೆಯ ಸ್ವರೂಪ

ರಕ್ತನಾಳಕ್ಕೆ ಪೆಟ್ಟಾದಾಗ ಮೊದಲು ಪ್ಲೇಟ್‌ಲೆಟ್‌ಗಳು ಅಲ್ಲಿ ಒಟ್ಟುಗೂಡುತ್ತವೆ. ಬಳಿಕ ಫ್ಯಾಕ್ಟರ್‌ಗಳೆಂಬ ಪ್ರೋಟೀನುಗಳು ಒಂದರ ಹಿಂದೊಂದು ಚುರುಕಾಗಿ, ಫೈಬ್ರಿನ್ ಎಂಬ ನಾರಿನ ಗಟ್ಟಿ ಹೆಪ್ಪನ್ನು ಕಟ್ಟುತ್ತವೆ. ಫ್ಯಾಕ್ಟರ್ 8 ಕೊರತೆಯಿದ್ದರೆ ಹಿಮೋಫಿಲಿಯಾ ಎ, ಫ್ಯಾಕ್ಟರ್ 9 ಕೊರತೆಯಿದ್ದರೆ ಹಿಮೋಫಿಲಿಯಾ ಬಿ. ಹಿಮೋಫಿಲಿಯಾ ಇದ್ದವರಿಗೆ ಗಾಯದಿಂದ ರಕ್ತ ಬೇರೆಯವರಿಗಿಂತ ಜೋರಾಗಿ ಸುರಿಯುವುದಿಲ್ಲ, ಹೆಚ್ಚು ಕಾಲ ಸುರಿಯುತ್ತದೆ. ಚರ್ಮದ ಮೇಲಿನ ಸಣ್ಣ ಗೀರು ಅವರಿಗೆ ದೊಡ್ಡ ಅಪಾಯವಲ್ಲ. ಅಪಾಯವಿರುವುದು ಕೀಲು, ಸ್ನಾಯು ಮತ್ತು ಮಿದುಳಿನ ಒಳಗೆ, ಕಣ್ಣಿಗೆ ಕಾಣದಂತೆ ಆಗುವ ರಕ್ತಸ್ರಾವದಲ್ಲಿ.

ರಕ್ತದಲ್ಲಿರುವ ಫ್ಯಾಕ್ಟರ್ ಪ್ರಮಾಣ ಸಹಜ ಮಟ್ಟದ ಶೇ. 1ಕ್ಕಿಂತ ಕಡಿಮೆಯಿದ್ದರೆ ತೀವ್ರ, ಶೇ. 1ರಿಂದ 5ರವರೆಗೆ ಮಧ್ಯಮ, ಶೇ. 5ರಿಂದ 40ರವರೆಗೆ ಸೌಮ್ಯ ಎಂದು ವಿಂಗಡಿಸುತ್ತಾರೆ. ತೀವ್ರ ರೂಪದಲ್ಲಿ ಯಾವ ಪೆಟ್ಟೂ ಇಲ್ಲದೆ ಕೀಲಿನೊಳಗೆ ರಕ್ತ ಸೇರಬಹುದು. ಸೌಮ್ಯ ರೂಪ ಎಷ್ಟೋ ಬಾರಿ ಹಲ್ಲು ಕೀಳಿಸಿದಾಗಲೋ ಶಸ್ತ್ರಚಿಕಿತ್ಸೆಯಾದಾಗಲೋ ಮೊದಲ ಸಲ ಬೆಳಕಿಗೆ ಬರುತ್ತದೆ.

ಎರಡೂ ಫ್ಯಾಕ್ಟರ್‌ಗಳ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿವೆ. ಆದ್ದರಿಂದ ಕಾಯಿಲೆ ಹೆಚ್ಚಾಗಿ ಕಾಣುವುದು ಗಂಡಸರಲ್ಲಿ. ವಾಹಕಿಯಾದ ಹೆಂಗಸಿನ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಂಭವ ಅರ್ಧದಷ್ಟು, ಪ್ರತಿ ಹೆಣ್ಣುಮಗುವೂ ವಾಹಕಿಯಾಗುವ ಸಂಭವವೂ ಅರ್ಧದಷ್ಟು. ವಾಹಕಿಯರಲ್ಲೂ ಕೆಲವರಿಗೆ ಫ್ಯಾಕ್ಟರ್ ಮಟ್ಟ ಕಡಿಮೆಯಿದ್ದು, ಮುಟ್ಟಿನಲ್ಲಿ ಮತ್ತು ಹೆರಿಗೆಯ ನಂತರ ಹೆಚ್ಚು ರಕ್ತಸ್ರಾವವಾಗುತ್ತದೆ. ಸುಮಾರು ಮೂರನೇ ಒಂದು ಭಾಗದ ಪ್ರಕರಣಗಳಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಕಾಯಿಲೆ ಇದ್ದಿರುವುದಿಲ್ಲ. ವಂಶವಾಹಿಯಲ್ಲಿ ಹೊಸದಾಗಿ ಉಂಟಾದ ಬದಲಾವಣೆ ಅಲ್ಲಿ ಕಾರಣ. 2019ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 11.25 ಲಕ್ಷ ಗಂಡಸರಿಗೆ ಹಿಮೋಫಿಲಿಯಾ ಇದೆ. ಅವರಲ್ಲಿ ಸುಮಾರು 4.18 ಲಕ್ಷ ಜನರದು ತೀವ್ರ ರೂಪ.

ಐತಿಹಾಸಿಕ ಹಿನ್ನೆಲೆ

ವಯಸ್ಕರ ಬದುಕಿನ ಗುಣಮಟ್ಟ ಎಂಬ ಪ್ರಶ್ನೆ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೆ ಮೊದಲು ತೀವ್ರ ಹಿಮೋಫಿಲಿಯಾ ಇದ್ದವರು ವಯಸ್ಕರಾಗುವುದೇ ಅಪರೂಪವಾಗಿತ್ತು. ಸ್ವೀಡನ್ನಿನ ದಾಖಲೆಗಳ ಪ್ರಕಾರ 1831ರಿಂದ 1920ರವರೆಗೆ ಅವರ ಮಧ್ಯಮ ಆಯುಷ್ಯ 11 ವರ್ಷ ಮಾತ್ರ. ಅಮೆರಿಕದ ವೈದ್ಯ ಜಾನ್ ಕಾನ್ರಾಡ್ ಆಟ್ಟೋ 1803ರಲ್ಲೇ ಗಂಡಸರಿಗೆ ಮಾತ್ರ ಬರುವ, ಹೆಂಗಸರ ಮೂಲಕ ಹರಿದುಬರುವ ರಕ್ತಸ್ರಾವದ ಕಾಯಿಲೆಯನ್ನು ವಿವರಿಸಿದ್ದರೂ ಚಿಕಿತ್ಸೆ ಇರಲಿಲ್ಲ. ಹಿಮೋಫಿಲಿಯಾ ಇದ್ದ, ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡ್ 1884ರಲ್ಲಿ, 30ನೆಯ ವಯಸ್ಸಿನಲ್ಲಿ ತೀರಿಕೊಂಡ. ರಷ್ಯದ ಯುವರಾಜ ಅಲೆಕ್ಸಿಗೆ ಇದ್ದದ್ದು ಹಿಮೋಫಿಲಿಯಾ ಬಿ ಎಂಬುದು 2009ರ ವಂಶವಾಹಿ ಪರೀಕ್ಷೆಯಿಂದ ಖಚಿತವಾಯಿತು.

ಪರಿಸ್ಥಿತಿ ಬದಲಾದದ್ದು ಕೆಲವೇ ದಶಕಗಳಲ್ಲಿ. ಸ್ವೀಡನ್ನಿನ ಮಾಲ್ಮೊದಲ್ಲಿ ವೈದ್ಯೆ ಇಂಗಾ ಮಾರಿ ನಿಲ್ಸನ್ 1950ರ ದಶಕದ ಕೊನೆಯಲ್ಲಿ ಮುಂಜಾಗ್ರತಾ ಚಿಕಿತ್ಸೆಯನ್ನು, ಅಂದರೆ ರಕ್ತಸ್ರಾವವಾಗುವ ಮೊದಲೇ ಕ್ರಮವಾಗಿ ಫ್ಯಾಕ್ಟರ್ ಕೊಡುವುದನ್ನು ಆರಂಭಿಸಿದರು. 1964ರಲ್ಲಿ ಸಂಶೋಧಕಿ ಜೂಡಿತ್ ಪೂಲ್ ಅವರು ಶೈತ್ಯದಲ್ಲಿ ಗಟ್ಟಿಗೊಳಿಸಿದ ಪ್ಲಾಸ್ಮಾವನ್ನು (ರಕ್ತದ ದ್ರವಭಾಗವನ್ನು) ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಕ್ರಯೋಪ್ರೆಸಿಪಿಟೇಟ್‌ನಲ್ಲಿ ಫ್ಯಾಕ್ಟರ್ 8 ಹೇರಳವಾಗಿರುವುದನ್ನು ಕಂಡರು. 1970ರ ದಶಕದಲ್ಲಿ ಪುಡಿಯ ರೂಪದ ಫ್ಯಾಕ್ಟರ್ ಬಂದು, ಮನೆಯಲ್ಲೇ ಚುಚ್ಚಿಕೊಳ್ಳುವುದು ಸಾಧ್ಯವಾಯಿತು. ಸ್ವೀಡನ್ನಿನಲ್ಲಿ 1961ರಿಂದ 1980ರ ಅವಧಿಗೆ ತೀವ್ರ ರೂಪದವರ ಮಧ್ಯಮ ಆಯುಷ್ಯ 56 ವರ್ಷ ದಾಟಿತು.

ಈ ಏಳಿಗೆಯ ನಡುವೆಯೇ ದೊಡ್ಡ ದುರಂತವೂ ನಡೆಯಿತು. ಸಾವಿರಾರು ದಾನಿಗಳ ಪ್ಲಾಸ್ಮಾ ಬೆರೆಸಿ ತಯಾರಿಸಿದ ಫ್ಯಾಕ್ಟರ್‌ನಿಂದ 1970 ಮತ್ತು 1980ರ ದಶಕಗಳಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಹರಡಿದವು. ಅಮೆರಿಕದಲ್ಲಿ ಹಿಮೋಫಿಲಿಯಾ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎಚ್‌ಐವಿ ತಗುಲಿತು. ಫ್ಯಾಕ್ಟರನ್ನು ಕಾಯಿಸಿ ವೈರಾಣುಗಳನ್ನು ಕೊಲ್ಲುವ ವಿಧಾನ 1980ರ ದಶಕದ ಮಧ್ಯದಲ್ಲಿ ಜಾರಿಗೆ ಬಂತು. ರಕ್ತದಿಂದ ತೆಗೆಯದೆ ಜೀವತಂತ್ರಜ್ಞಾನದಿಂದ ತಯಾರಿಸಿದ ಫ್ಯಾಕ್ಟರ್ 8ಕ್ಕೆ 1992ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬ್ರಿಟನ್ನಿನಲ್ಲಿ ಈ ಸೋಂಕುಗಳ ಬಗ್ಗೆ ನಡೆದ ಸಾರ್ವಜನಿಕ ವಿಚಾರಣೆಯ ಅಂತಿಮ ವರದಿ ಹೊರಬಂದದ್ದು 2024ರ ಮೇ ತಿಂಗಳಲ್ಲಿ. ಈಗ ಐವತ್ತು ದಾಟಿದ ಪೀಳಿಗೆಯವರ ನಿಭಾವಣೆಯನ್ನು ಅರ್ಥಮಾಡಿಕೊಳ್ಳಲು ಈ ಚರಿತ್ರೆ ಅನಿವಾರ್ಯ. ಜೀವ ಉಳಿಸಿದ ಔಷಧವೇ ಜೊತೆಗಾರರನ್ನು ಬಲಿ ತೆಗೆದುಕೊಂಡದ್ದನ್ನು ಕಂಡವರು ಅವರು. ಹೊಸ ಔಷಧದ ಬಗ್ಗೆ ಅವರಲ್ಲಿ ಕೆಲವರಿಗಿರುವ ಹಿಂಜರಿಕೆಗೆ ಈ ಅನುಭವವೇ ಆಧಾರ.

ಕೀಲು ಮತ್ತು ನೋವು

ವಯಸ್ಕರ ಬದುಕಿನ ಗುಣಮಟ್ಟವನ್ನು ಎಲ್ಲಕ್ಕಿಂತ ಹೆಚ್ಚು ತಗ್ಗಿಸುವುದು ಕೀಲುಗಳ ಹಾನಿ. ಮಂಡಿ, ಮೊಣಕೈ ಮತ್ತು ಪಾದದ ಗಂಟು ಹೆಚ್ಚಾಗಿ ಪೆಟ್ಟು ತಿನ್ನುವ ಕೀಲುಗಳು. ಕೀಲಿನೊಳಗೆ ಸೇರಿದ ರಕ್ತದ ಕಬ್ಬಿಣಾಂಶ ಒಳಪೊರೆಯಲ್ಲಿ ಉಳಿದು ಅದನ್ನು ಊದಿಸುತ್ತದೆ. ಊದಿದ ಪೊರೆಯಲ್ಲಿ ಹೊಸ ರಕ್ತನಾಳಗಳು ಬೆಳೆಯುತ್ತವೆ, ಅವು ಸುಲಭವಾಗಿ ಒಡೆಯುತ್ತವೆ, ಮತ್ತೆ ರಕ್ತ ಸೇರುತ್ತದೆ. ಆರು ತಿಂಗಳೊಳಗೆ ಒಂದೇ ಕೀಲಿನಲ್ಲಿ ಮೂರು ಅಥವಾ ಹೆಚ್ಚು ಸಲ ತಾನಾಗಿಯೇ ರಕ್ತಸ್ರಾವವಾದರೆ ಅದನ್ನು ‘ಗುರಿಕೀಲು’ ಎಂದು ಗುರುತಿಸುತ್ತಾರೆ. ಹೀಗೆ ವರ್ಷಗಳು ಕಳೆದಾಗ ಮೃದ್ವಸ್ಥಿ ಸವೆದು, ಸ್ನಾಯು ಸೊರಗಿ, ಕೀಲು ಪೂರ್ತಿ ಚಾಚಲಾಗದ ಸ್ಥಿತಿ ಬರುತ್ತದೆ. ಇಪ್ಪತ್ತು ವರ್ಷದ ಯುವಕನಲ್ಲೂ ಮುಪ್ಪಿನ ಸಂಧಿವಾತದಂಥ ಎಕ್ಸ್-ರೇ ಚಿತ್ರ ಕಾಣುವುದು ಇದರಿಂದ.

ನೋವಿನಲ್ಲಿ ಎರಡು ಬಗೆಗಳಿವೆ: ಆಗಷ್ಟೇ ರಕ್ತ ಸೇರಿದ್ದರಿಂದ ಬರುವ ನೋವು ಮತ್ತು ಸವೆದ ಕೀಲಿನ ನಿರಂತರ ನೋವು. ಮೊದಲನೆಯದಕ್ಕೆ ಫ್ಯಾಕ್ಟರ್ ಬೇಕು, ಎರಡನೆಯದಕ್ಕೆ ಫ್ಯಾಕ್ಟರ್ ಕೊಟ್ಟು ಪ್ರಯೋಜನವಿಲ್ಲ. ರಕ್ತಸ್ರಾವದ ಆರಂಭದಲ್ಲಿ ಕೀಲಿನಲ್ಲಿ ಜುಮುಗುಡುವಿಕೆ ಮತ್ತು ಬಿಗಿತ ಇರುತ್ತದೆಂದು ಅನೇಕರು ಗುರುತಿಸುತ್ತಾರೆ. ಆದರೆ ಹಾನಿಗೊಂಡ ಕೀಲಿನಲ್ಲಿ ಈ ಎರಡು ಬಗೆಯ ನೋವನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಆಸ್ಪಿರಿನ್ ಮತ್ತು ಐಬುಪ್ರೊಫೆನ್‌ನಂಥ ನೋವುನಿವಾರಕಗಳು ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸುವುದರಿಂದ ನಿಷಿದ್ಧ. ಪ್ಯಾರಾಸಿಟಮಾಲ್ ಮೊದಲ ಆಯ್ಕೆ. ಸ್ನಾಯುವಿಗೆ ಚುಚ್ಚುವ ಸೂಜಿಮದ್ದನ್ನೂ ತಪ್ಪಿಸಬೇಕು. ಔಷಧದಿಂದ ಹತೋಟಿಗೆ ಬಾರದ ಕೀಲಿಗೆ ಊದಿದ ಒಳಪೊರೆಯನ್ನು ವಿಕಿರಣದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ನಿವಾರಿಸುವುದು, ಪಾದದ ಗಂಟನ್ನು ಬೆಸೆಯುವುದು, ಮಂಡಿ ಬದಲಿಸುವುದು ಮುಂದಿನ ಹಂತಗಳು.

ನಿಭಾವಣೆಯ ಬಗೆಗಳು

ನಿಭಾವಣೆಯ ಅಧ್ಯಯನಕ್ಕೆ ಹೆಚ್ಚಾಗಿ ಆಧಾರವಾಗಿರುವುದು ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಮಂಡಿಸಿದ ಚೌಕಟ್ಟು. ಅದರಂತೆ ನಿಭಾವಣೆಯಲ್ಲಿ ಸಮಸ್ಯೆಯನ್ನೇ ಬದಲಿಸುವ ಬಗೆ ಒಂದು, ಸಮಸ್ಯೆಯಿಂದಾದ ಭಾವನೆಗಳನ್ನು ಸಂಭಾಳಿಸುವ ಬಗೆ ಇನ್ನೊಂದು. ಹಿಮೋಫಿಲಿಯಾದಲ್ಲಿ ಮೊದಲನೆಯದು ಬಹುಪಾಲು ದಿನಚರಿಯ ರೂಪದಲ್ಲಿರುತ್ತದೆ: ರಕ್ತಸ್ರಾವ ಶುರುವಾದ ಕೂಡಲೇ ಫ್ಯಾಕ್ಟರ್ ತೆಗೆದುಕೊಳ್ಳುವುದು, ಕೀಲಿಗೆ ವಿಶ್ರಾಂತಿ ಕೊಡುವುದು, ಮಂಜುಗಡ್ಡೆ ಇಡುವುದು, ರಕ್ತಸ್ರಾವದ ದಿನಾಂಕ ಮತ್ತು ಔಷಧದ ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡುವುದು, ಪ್ರಯಾಣಕ್ಕೆ ಮುನ್ನ ದಾರಿಯಲ್ಲಿ ಫ್ಯಾಕ್ಟರ್ ಸಿಗುವ ಆಸ್ಪತ್ರೆಗಳನ್ನು ತಿಳಿದುಕೊಳ್ಳುವುದು. ಸ್ವತಃ ರಕ್ತನಾಳಕ್ಕೆ ಚುಚ್ಚಿಕೊಳ್ಳಲು ಕಲಿಯುವುದು ಇದರಲ್ಲಿ ದೊಡ್ಡ ಹೆಜ್ಜೆ. ಚುಚ್ಚಿಸಿಕೊಳ್ಳಲು ಆಸ್ಪತ್ರೆಗೆ ಅಲೆಯುವ ಅವಲಂಬನೆ ಅದರಿಂದ ತಪ್ಪುತ್ತದೆ.

ಎರಡನೆಯ ಬಗೆಯಲ್ಲಿ ಒಪ್ಪಿಕೊಳ್ಳುವಿಕೆ, ದೈವಭಕ್ತಿ, ಇದೇ ಕಾಯಿಲೆಯ ಇತರರೊಡನೆ ಒಡನಾಟ, ಕೈಲಾಗುವ ಕೆಲಸಗಳತ್ತ ಗಮನ ತಿರುಗಿಸುವುದು ಸೇರುತ್ತವೆ. ತಪ್ಪಿಸಿಕೊಳ್ಳುವ ಬಗೆಯೂ ಉಂಟು. ಕಾಯಿಲೆಯನ್ನು ಮುಚ್ಚಿಡುವುದು, ನೋವನ್ನು ಕಡೆಗಣಿಸಿ ಕೆಲಸಕ್ಕೆ ಹೋಗುವುದು, ಬಿದ್ದು ಏಟಾದೀತೆಂದು ಮನೆಯಿಂದಾಚೆ ಬಾರದಿರುವುದು ಇದರ ರೂಪಗಳು. ಇವನ್ನು ವ್ಯಕ್ತಿಯ ದೌರ್ಬಲ್ಯವೆಂದು ಮಾತ್ರ ಓದುವುದು ತಪ್ಪು. ಫ್ಯಾಕ್ಟರ್ ಸಿಗುವ ಭರವಸೆಯೇ ಇಲ್ಲದ ಊರಿನಲ್ಲಿ ಹೊರಗೆ ಹೋಗದಿರುವುದು ವಿವೇಕದ ತೀರ್ಮಾನವೂ ಆಗಿರಬಹುದು. ಚಿಕಿತ್ಸೆ ಎಷ್ಟು ಹತ್ತಿರದಲ್ಲಿದೆ ಎಂಬುದರ ಮೇಲೆಯೇ ಯಾವ ಬಗೆಯ ನಿಭಾವಣೆ ಸಾಧ್ಯ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಖಿನ್ನತೆ ಮತ್ತು ಆತಂಕ ಸಾಮಾನ್ಯ ಜನಸಮುದಾಯಕ್ಕಿಂತ ಹಿಮೋಫಿಲಿಯಾ ಇರುವ ವಯಸ್ಕರಲ್ಲಿ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ನಿರಂತರ ನೋವು, ನಿರುದ್ಯೋಗ ಮತ್ತು ಒಂಟಿತನ ಇವಕ್ಕೆ ಅಂಟಿಕೊಂಡೇ ಬರುತ್ತವೆ. ಬದುಕಿನುದ್ದಕ್ಕೂ ನೋವು ನುಂಗಿ ಅಭ್ಯಾಸವಾದವರು ಮನಸ್ಸಿನ ಬಳಲಿಕೆಯನ್ನೂ ವೈದ್ಯರಲ್ಲಿ ಹೇಳಿಕೊಳ್ಳದಿರುವುದರಿಂದ, ಕೇಳದೆ ಇದು ಹೊರಬರುವುದು ಕಡಿಮೆ.

ಅಳತೆಯ ಸಾಧನಗಳು

ಬದುಕಿನ ಗುಣಮಟ್ಟವನ್ನು ಪ್ರಶ್ನಾವಳಿಗಳ ಮೂಲಕ ಅಳೆಯುತ್ತಾರೆ. ಎಸ್‌ಎಫ್-36 ಮತ್ತು ಇಕ್ಯೂ-5ಡಿ ಯಾವ ಕಾಯಿಲೆಗೂ ಬಳಸಬಹುದಾದ ಸಾಮಾನ್ಯ ಸಾಧನಗಳು. ಹಿಮೋಫಿಲಿಯಾ ಇರುವ ವಯಸ್ಕರಿಗೆಂದೇ ರೂಪಿಸಿದ ‘ಹೀಮ್-ಎ-ಕ್ಯೂಒಎಲ್’ನಲ್ಲಿ 46 ಪ್ರಶ್ನೆಗಳು ದೇಹಾರೋಗ್ಯ, ಭಾವನೆ, ತನ್ನ ಬಗೆಗಿನ ನೋಟ, ಆಟ ಮತ್ತು ಬಿಡುವು, ಉದ್ಯೋಗ, ಕಾಯಿಲೆಯ ನಿಭಾವಣೆ, ಚಿಕಿತ್ಸೆ, ಭವಿಷ್ಯ, ಕುಟುಂಬ ಯೋಜನೆ, ದಾಂಪತ್ಯ ಎಂಬ 10 ವಿಭಾಗಗಳಲ್ಲಿವೆ. ಅಂಕ 0ಯಿಂದ 100ರವರೆಗೆ. ಅಂಕ ಏರಿದಷ್ಟೂ ಗುಣಮಟ್ಟ ಕುಸಿದಿದೆ ಎಂದರ್ಥ. ನೆದರ್‌ಲೆಂಡ್ಸ್‌ನಲ್ಲಿ ಸಿದ್ಧವಾದ ‘ಎಚ್‌ಎಎಲ್’ ದೈನಂದಿನ ಚಟುವಟಿಕೆಗಳ ಪಟ್ಟಿ.

ಭಾರತದ ಕೊಡುಗೆ ‘ಫಿಶ್’ ಎಂಬ ಅಳತೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ರೂಪುಗೊಂಡ ಇದು ವ್ಯಕ್ತಿ ಹೇಳುವುದನ್ನು ಕೇಳಿ ಬರೆದುಕೊಳ್ಳುವ ಬದಲು, ಅವನು ಮಾಡುವುದನ್ನು ನೋಡಿ ಅಂಕ ಕೊಡುತ್ತದೆ. ಊಟ ಮತ್ತು ಅಲಂಕರಣ, ಸ್ನಾನ, ಬಟ್ಟೆ ತೊಡುವುದು, ಕುರ್ಚಿಯಿಂದ ಏಳುವುದು, ಕುಕ್ಕರಗಾಲಲ್ಲಿ ಕೂರುವುದು, ನಡಿಗೆ, ಮೆಟ್ಟಿಲು ಹತ್ತುವುದು, ಓಟ ಎಂಬ 8 ಚಟುವಟಿಕೆಗಳಿಗೆ ತಲಾ 1ರಿಂದ 4 ಅಂಕ, ಒಟ್ಟು 32. ಕುಕ್ಕರಗಾಲಲ್ಲಿ ಕೂರುವುದನ್ನು ಸೇರಿಸಿದ್ದು ಸಣ್ಣ ವಿಷಯವಲ್ಲ. ನೆಲದ ಮೇಲಿನ ಊಟ, ಶೌಚ, ಪೂಜೆ, ಹೊಲದ ಕೆಲಸ ಎಲ್ಲವೂ ಮಂಡಿ ಮಡಚುವುದನ್ನು ಬೇಡುವ ಸಮಾಜದಲ್ಲಿ, ಕುರ್ಚಿಯ ಬದುಕಿಗೆ ತಯಾರಾದ ಪ್ರಶ್ನಾವಳಿ ಅಸಲು ನಷ್ಟವನ್ನು ಹಿಡಿಯಲಾರದು.

ಈ ಅಳತೆಗಳಿಂದ ಹೊರಬಿದ್ದ ಒಂದು ವಿಶೇಷ ಸಂಗತಿಯನ್ನು ‘ಅಂಗವೈಕಲ್ಯದ ವಿರೋಧಾಭಾಸ’ ಎನ್ನುತ್ತಾರೆ. ಕೀಲುಗಳು ತೀರ ಹಾಳಾಗಿರುವ ವಯಸ್ಕರು ಕೂಡ ಎಷ್ಟೋ ಬಾರಿ ತಮ್ಮ ಬದುಕು ಚೆನ್ನಾಗಿದೆಯೆಂದೇ ಅಂಕ ಕೊಡುತ್ತಾರೆ. ಬಾಲ್ಯದಿಂದ ಇದೇ ದೇಹದೊಡನೆ ಬದುಕಿದವರಿಗೆ ಹೋಲಿಸಿ ನೋಡಲು ಬೇರೊಂದು ಸ್ಥಿತಿ ಇರುವುದಿಲ್ಲ, ನಿರೀಕ್ಷೆಗಳೂ ಅದಕ್ಕೆ ತಕ್ಕಂತೆ ರೂಪುಗೊಂಡಿರುತ್ತವೆ. ಇದು ಯಶಸ್ವಿ ನಿಭಾವಣೆಯ ಗುರುತು. ಇದನ್ನೇ ಆಧಾರವಾಗಿಟ್ಟುಕೊಂಡು ಚಿಕಿತ್ಸೆಯ ಅಗತ್ಯ ಕಡಿಮೆಯೆಂದು ಲೆಕ್ಕ ಹಾಕುವುದು ಮಾತ್ರ ಅನ್ಯಾಯವಾಗುತ್ತದೆ.

ದುಡಿಮೆ, ಮದುವೆ, ವ್ಯಾಯಾಮ

10 ದೇಶಗಳ 675 ವಯಸ್ಕರನ್ನು ಒಳಗೊಂಡ ‘ಹೀರೋ’ ಅಧ್ಯಯನದಲ್ಲಿ ಬಹುಪಾಲು ಜನರು ಹಿಮೋಫಿಲಿಯಾ ತಮ್ಮ ಉದ್ಯೋಗಕ್ಕೆ ಅಡ್ಡಿಯಾಗಿದೆ ಎಂದಿದ್ದರು. ಭಾರ ಎತ್ತುವ, ಬಹುಹೊತ್ತು ನಿಲ್ಲುವ, ಏಣಿ ಹತ್ತುವ ಕೆಲಸಗಳು ಹಾನಿಗೊಂಡ ಕೀಲುಗಳಿಗೆ ಹೊಂದುವುದಿಲ್ಲ. ಕೂಲಿ ಮತ್ತು ಕೃಷಿಯನ್ನು ನಂಬಿದ ಮನೆಗಳಲ್ಲಿ ಇದರ ಹೊಡೆತ ನೇರವಾಗಿ ಬೀಳುತ್ತದೆ. ಶಾಲೆಗೆ ಪದೇ ಪದೇ ಗೈರಾಗಿ ಓದು ಅರ್ಧಕ್ಕೆ ನಿಂತವರಿಗೆ ಕುಳಿತು ಮಾಡುವ ಕೆಲಸವೂ ಸುಲಭವಾಗಿ ಸಿಗದು. ಆದ್ದರಿಂದ ಬಾಲ್ಯದಲ್ಲಿ ಓದು ತಪ್ಪದಂತೆ ನೋಡಿಕೊಳ್ಳುವುದೇ ವಯಸ್ಕ ಜೀವನದ ಗುಣಮಟ್ಟಕ್ಕೆ ಹಾಕುವ ಅಡಿಪಾಯ.

ಮದುವೆಯ ಮಾತುಕತೆಯಲ್ಲಿ ಕಾಯಿಲೆಯನ್ನು ಹೇಳುವುದೋ ಬಿಡುವುದೋ ಎಂಬ ತೊಳಲಾಟ ಯುವಕರಿಗೂ ವಾಹಕಿಯರಾದ ಅಕ್ಕತಂಗಿಯರಿಗೂ ಸಮಾನ. ಹಿಮೋಫಿಲಿಯಾ ಇರುವ ಗಂಡಸಿನ ಗಂಡುಮಕ್ಕಳಿಗೆ ತಂದೆಯಿಂದ ಕಾಯಿಲೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕಿಯರಾಗಿರುತ್ತಾರೆ. ಈ ಲೆಕ್ಕವನ್ನು ಮದುವೆಗೆ ಮುಂಚೆಯೇ ವಂಶವಾಹಿ ಸಲಹೆಗಾರರಿಂದ ತಿಳಿದುಕೊಳ್ಳಬಹುದು. ಲಿಂಗಸಂಬಂಧಿ ಆನುವಂಶಿಕ ಕಾಯಿಲೆಗಳನ್ನು ಭ್ರೂಣದಲ್ಲಿ ಪತ್ತೆಹಚ್ಚಲು ಭಾರತದ 1994ರ ಪ್ರಸವಪೂರ್ವ ಪತ್ತೆ ಕಾಯ್ದೆ ಷರತ್ತುಗಳೊಂದಿಗೆ ಅವಕಾಶ ಕೊಟ್ಟಿದೆ. ಕಾಯಿಲೆಯ ಹೊಣೆಯನ್ನು ತಾಯಿಯ ಮೇಲೆ ಹೊರಿಸುವ ರೂಢಿಗೆ ವೈಜ್ಞಾನಿಕ ಆಧಾರವಿಲ್ಲ.

ವ್ಯಾಯಾಮ ಹಿಂದೆ ನಿಷಿದ್ಧವಾಗಿತ್ತು, ಈಗ ಚಿಕಿತ್ಸೆಯ ಭಾಗ. ಬಲವಾದ ಸ್ನಾಯು ಕೀಲನ್ನು ಕಾಯುತ್ತದೆ. ಈಜು, ನಡಿಗೆ, ಸೈಕಲ್ ಒಳ್ಳೆಯವು. ಕಬಡ್ಡಿ, ಕುಸ್ತಿ, ಬಾಕ್ಸಿಂಗ್‌ನಂಥ ಮೈಗೆ ಮೈ ತಾಗುವ ಆಟಗಳು ಸಲ್ಲವು. ರಕ್ತಸ್ರಾವ ನಿಂತ ಮೇಲೆ ಫಿಸಿಯೋಥೆರಪಿ ಮಾಡದಿದ್ದರೆ ಕೀಲು ಮಡಚಿದ ಸ್ಥಿತಿಯಲ್ಲೇ ಉಳಿದುಬಿಡುತ್ತದೆ.

ಚಿಕಿತ್ಸೆಯ ಲಭ್ಯತೆ

ಚಿಕಿತ್ಸೆಯ ಖರ್ಚು ಏಕೆ ದೊಡ್ಡದೆಂಬುದು ಸರಳ ಲೆಕ್ಕದಿಂದ ತಿಳಿಯುತ್ತದೆ. ದೇಹತೂಕದ ಪ್ರತಿ ಕಿಲೋಗೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಶೇ. 2ರಷ್ಟು ಏರುತ್ತದೆ. 60 ಕಿಲೋ ತೂಕದ ವ್ಯಕ್ತಿಯಲ್ಲಿ ಮಟ್ಟವನ್ನು ಶೇ. 40ಕ್ಕೆ ಏರಿಸಲು 1,200 ಯೂನಿಟ್ ಬೇಕು. ಹೀಗೆ ಕೊಟ್ಟದ್ದು ಸುಮಾರು 12 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಮಗುವಿಗೆ ಸಾಲುವ ಪ್ರಮಾಣ ವಯಸ್ಕನಿಗೆ ಸಾಲದು, ಆದ್ದರಿಂದ ಔಷಧ ಕಡಿಮೆಯಿದ್ದಲ್ಲಿ ಮುಂಜಾಗ್ರತಾ ಚಿಕಿತ್ಸೆಯಲ್ಲಿ ಮಕ್ಕಳಿಗೆ ಆದ್ಯತೆ ಸಿಕ್ಕಿ, ವಯಸ್ಕರಿಗೆ ರಕ್ತಸ್ರಾವವಾದಾಗ ಮಾತ್ರ ಫ್ಯಾಕ್ಟರ್ ದೊರೆಯುವುದು ಸಾಮಾನ್ಯ. ಸಂಪನ್ಮೂಲ ಕಡಿಮೆಯಿರುವ ದೇಶಗಳಿಗೆ ಕಿಲೋಗೆ 10–15 ಯೂನಿಟ್‌ನಂತೆ ವಾರಕ್ಕೆ ಎರಡು ಮೂರು ಸಲ ಕೊಡುವ ಕಡಿಮೆ ಪ್ರಮಾಣದ ಮುಂಜಾಗ್ರತಾ ಚಿಕಿತ್ಸೆ ಒಂದು ದಾರಿ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಸುಮಾರು ಶೇ. 30ರಷ್ಟು ಜನರ ದೇಹ ಕೊಟ್ಟ ಫ್ಯಾಕ್ಟರನ್ನೇ ನಿಷ್ಫಲಗೊಳಿಸುವ ಪ್ರತಿಕಾಯಗಳನ್ನು, ಅಂದರೆ ಇನ್‌ಹಿಬಿಟರ್‌ಗಳನ್ನು ಬೆಳೆಸಿಕೊಳ್ಳುತ್ತದೆ. ಅವರ ಚಿಕಿತ್ಸೆ ಇನ್ನೂ ದುಬಾರಿ.

ಸಂಘಟನೆ, ಕಾನೂನು ಮತ್ತು ಕರ್ನಾಟಕ

ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು 1963ರಲ್ಲಿ ಕಟ್ಟಿದವರು, ಸ್ವತಃ ಈ ಕಾಯಿಲೆಯಿದ್ದ ಕೆನಡಾದ ಫ್ರಾಂಕ್ ಶ್ನಾಬೆಲ್. ಅವರ ಜನ್ಮದಿನವಾದ ಏಪ್ರಿಲ್ 17ನ್ನು 1989ರಿಂದ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸಲಾಗುತ್ತಿದೆ. ಭಾರತದ ಹಿಮೋಫಿಲಿಯಾ ಒಕ್ಕೂಟ 1983ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಚಿಕಿತ್ಸೆ, ಫಿಸಿಯೋಥೆರಪಿ ಮತ್ತು ಸಲಹೆಯನ್ನು ಒಂದೇ ಸೂರಿನಡಿ ತಂದ ಸಂಸ್ಥೆ. ಅದನ್ನು ಮುನ್ನಡೆಸಿದ ರೋಗನಿದಾನ ತಜ್ಞ ಡಾ. ಸುರೇಶ್ ಹನಗವಾಡಿ ಅವರೂ ಹಿಮೋಫಿಲಿಯಾ ಇರುವವರೇ. ರೋಗಿಗಳೇ ಕಟ್ಟಿದ ಇಂಥ ಸಂಘಗಳು ನಿಭಾವಣೆಯ ಪಾಠಶಾಲೆಗಳಾಗಿವೆ. ಚುಚ್ಚಿಕೊಳ್ಳುವುದನ್ನು, ಸರ್ಕಾರಿ ಕಚೇರಿಯಲ್ಲಿ ಅರ್ಜಿ ಬರೆಯುವುದನ್ನು ಹಿರಿಯರು ಕಿರಿಯರಿಗೆ ಕಲಿಸುವುದು ಇಲ್ಲಿಯೇ. ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರನ್ನು ಉಚಿತವಾಗಿ ನೀಡುವ ವ್ಯವಸ್ಥೆಯಿದೆ. ದಾಸ್ತಾನು ತೀರಿದಾಗ ಹಳ್ಳಿಯ ರೋಗಿ ಬೇರೆ ಊರಿಗೆ ಅಲೆಯಬೇಕಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಹಿಮೋಫಿಲಿಯಾ ಸೇರಿದೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಮೀಸಲಾತಿ ಅನ್ವಯಿಸುತ್ತದೆ. ಸರ್ಕಾರಿ ಉದ್ಯೋಗದ ಶೇ. 4 ಮೀಸಲಾತಿಯ ವರ್ಗಗಳಲ್ಲಿ ಮಾತ್ರ ಹಿಮೋಫಿಲಿಯಾದ ಹೆಸರಿಲ್ಲ. ಕೀಲುಗಳ ಹಾನಿಯಿಂದ ಚಲನಾಂಗ ವೈಕಲ್ಯವಾಗಿದ್ದರೆ ಆ ವರ್ಗದಲ್ಲಿ ಅರ್ಹತೆ ಕೇಳಬೇಕಾಗುತ್ತದೆ. ಅಂದರೆ ಒಳ್ಳೆಯ ಚಿಕಿತ್ಸೆ ಸಿಕ್ಕಿ ಕೀಲು ಉಳಿಸಿಕೊಂಡವನಿಗೆ ಈ ಬಾಗಿಲು ತೆರೆಯುವುದಿಲ್ಲ. ಕಾಯ್ದೆಯಲ್ಲಿ ತಿದ್ದಬೇಕಾದ ಕೊರತೆ ಇದು.

ಪ್ರಸ್ತುತ ಸ್ಥಿತಿ

ಒಳ್ಳೆಯ ಚಿಕಿತ್ಸೆಯಿರುವ ದೇಶಗಳಲ್ಲಿ ಹಿಮೋಫಿಲಿಯಾ ಇರುವವರ ಆಯುಷ್ಯ ಈಗ ಇತರರದಕ್ಕೆ ಹತ್ತಿರವಾಗಿದೆ. ಹೀಗಾಗಿ ಹಿಂದೆ ಕಾಣದ ಸಮಸ್ಯೆಗಳು ಎದುರಾಗಿವೆ. ಹೃದಯದ ಕಾಯಿಲೆಗೆ ರಕ್ತ ತೆಳುಮಾಡುವ ಮಾತ್ರೆ ಬೇಕಾದಾಗ ಅದನ್ನು ಫ್ಯಾಕ್ಟರ್ ಚಿಕಿತ್ಸೆಯೊಡನೆ ಸರಿದೂಗಿಸಬೇಕು. ಅಧಿಕ ರಕ್ತದೊತ್ತಡ ಮಿದುಳಿನ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಓಡಾಟ ಕಡಿಮೆಯಾಗಿ ಮೂಳೆ ಟೊಳ್ಳಾಗುವುದು, ಬೀಳುವುದು, ಹಳೆಯ ಹೆಪಟೈಟಿಸ್‌ನಿಂದ ಯಕೃತ್ತು ಕೆಡುವುದು ಇತರ ತೊಂದರೆಗಳು.

ಹಿಮೋಫಿಲಿಯಾ ಎಗೆ ಎಮಿಸಿಜುಮ್ಯಾಬ್ ಎಂಬ ಔಷಧ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇದನ್ನು ಚರ್ಮದಡಿ ವಾರಕ್ಕೋ, ಎರಡು ವಾರಕ್ಕೋ, ನಾಲ್ಕು ವಾರಕ್ಕೋ ಒಮ್ಮೆ ಚುಚ್ಚಿದರೆ ಸಾಕು, ಇನ್‌ಹಿಬಿಟರ್ ಇದ್ದರೂ ಕೆಲಸ ಮಾಡುತ್ತದೆ. ರಕ್ತನಾಳ ಹುಡುಕುವ ಕಷ್ಟ ತಪ್ಪಿದ್ದರಿಂದ ಬದುಕಿನ ಗುಣಮಟ್ಟದ ಅಂಕಗಳು ಸುಧಾರಿಸಿವೆ. ಪೆಟ್ಟು ಬಿದ್ದಾಗ ಮತ್ತು ಶಸ್ತ್ರಚಿಕಿತ್ಸೆಯಲ್ಲಿ ಇದು ಫ್ಯಾಕ್ಟರ್‌ಗೆ ಬದಲಿಯಲ್ಲ. ವಂಶವಾಹಿ ಚಿಕಿತ್ಸೆಗಳಲ್ಲಿ ಹಿಮೋಫಿಲಿಯಾ ಎಗೆ ಯುರೋಪಿನಲ್ಲಿ, ಬಿಗೆ ಅಮೆರಿಕದಲ್ಲಿ 2022ರಲ್ಲಿ ಮೊದಲ ಅನುಮತಿಗಳು ಸಿಕ್ಕವು. ವೆಲ್ಲೂರಿನಲ್ಲಿ ತೀವ್ರ ಹಿಮೋಫಿಲಿಯಾ ಎ ಇರುವ ಐವರಿಗೆ, ಅವರದೇ ಮೂಲಕೋಶಗಳನ್ನು ಮಾರ್ಪಡಿಸಿ ನೀಡಿದ ಚಿಕಿತ್ಸೆಯ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ವರದಿಯಾದ ಅವಧಿಯಲ್ಲಿ ಅವರಲ್ಲಿ ರಕ್ತಸ್ರಾವ ಕಾಣಲಿಲ್ಲ.

ಈ ಚಿಕಿತ್ಸೆಗಳು ಮುಂದಿನ ರಕ್ತಸ್ರಾವವನ್ನು ತಡೆಯುತ್ತವೆ, ಈಗಾಗಲೇ ಸವೆದ ಕೀಲನ್ನು ಮರಳಿ ಕೊಡುವುದಿಲ್ಲ. ಇಂದಿನ ವಯಸ್ಕರಿಗೆ ಫಿಸಿಯೋಥೆರಪಿ, ಕೀಲಿನ ಶಸ್ತ್ರಚಿಕಿತ್ಸೆ, ನೋವಿನ ಆರೈಕೆ ಮತ್ತು ಮಾನಸಿಕ ನೆರವು ಹೊಸ ಔಷಧದ ಜೊತೆಯಲ್ಲೂ ಬೇಕೇ ಬೇಕು. ಇವು ಫ್ಯಾಕ್ಟರ್ ವಿತರಣೆಯ ಜೊತೆಗೇ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ದೊರೆಯಬೇಕು.